ಕೋಳಿಮರಿಗಳು ಸಾಯದಂತೆ ಸಾಕುವ ಕ್ರಮ

ನಮ್ಮ ಹಳ್ಳಿಗಳಲ್ಲಿ ಕೋಳಿ ಸಾಕುವ ಮನೆಗಳು ಅನೇಕವಾಗಿದ್ದರೂ, ಮೊಟ್ಟೆಯೊಡೆದು ಬಂದ ಮರಿಗಳನ್ನೆಲ್ಲಾ ಬೆಳೆಸಿದೆವೆಂದು ಹೇಳಬಲ್ಲ ಮನೆಗಳು ಬಹು ವಿರಳ. ಮರಿಗಳು ಒಂದರ ಹಿಂದೆ ಒಂದು ಸಾಯುವಾಗ ಕೆಲವರು ದೃಷ್ಟಿ ತಗಲಿತೆನ್ನುವರು. ಕೆಲವರು ಹಣೆಯ ಬರಹವೆನ್ನುವರು. ಆದರೆ ಸತ್ತ ಮರಿಗಳ ವಯಸ್ಸನ್ನು ಲೆಕ್ಕಿಸಿ ನೋಡಿರಿ. ಅವುಗಳಲ್ಲಿ ಬಹಳವು ಮೊದಲನೆಯ ಎರಡು ವಾರಗಳಲ್ಲಿಯೇ ಸತ್ತಿರುವವು, ಮತ್ತು ಅನೇಕ ಸಾರಿ ಅದಕ್ಕೆ ಮೂಲವು ಚಳಿಯೇ. ಸಾಲ ತಂದು ನೂರು ಮರಿಗಳನ್ನು ಕೊಂಡ ಬಡವಳಿಗೆ ಐವತ್ತು ಸತ್ತರೆ, ಉಳಿದ ಐವತ್ತು ಕೋಳಿಗಳು ಸತ್ತವುಗಳ ಬೆಲೆಯನ್ನೂ ದುಡಿದು ಕೊಡಬೇಕಾಗುವದು.

ಹೊಸ ಮರಿಯ ಮೈಮೇಲಿರುವದು ಗರಿಯಲ್ಲ, ಬರೇ ತುಪ್ಪುಳು. ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯು ಅದಕ್ಕೆ ಕೆಲವು ವಾರಗಳಾದ ಮೇಲೆಯೇ ಉಂಟಾಗುವದು. ತಾಯಿಯಿದ್ದರೆ ರೆಕ್ಕೆಯ ಕೆಳಗೆ ಸೇರಿಸಿಕೊಳ್ಳುವದು. ತಾಯಿಯಿಲ್ಲದೆ ಕೊಂಡು ತಂದ ಮರಿಗಳಿಗೆ ನಾವೇ ಆ ಶಾಖವನ್ನು ಕೊಡತಕ್ಕದ್ದು. ಮೊದಲನೆಯ ವಾರದಲ್ಲಿ ಸುಮಾರು 95 ಡಿಗ್ರಿ ಫಾರನ್‌ಹೀಟ್ ಬೇಕು. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ಮರಿಯೊಂದಕ್ಕೆ ಎರಡು ವಾಟ್ ಪ್ರಕಾರ ಐವತ್ತು ಮರಿಗಳಿಗೆ ನೂರು ವಾಟ್‌ನ ಹಳೇ ತರದ ತಂತಿ ಬಲ್ಬು ಸಾಕು. ಈಗಿನ ಎಲ್‌ಇಡಿ ದೀಪವು ಬೆಳಕು ಕೊಡುವದೇ ಹೊರತು ಬೇಕಾದಷ್ಟು ಶಾಖ ಕೊಡಲಾರದು. ವಿದ್ಯುತ್ತು ಹೋಗುವ ರಾತ್ರಿಗಾಗಿ ಹೊಗೆಯಿಲ್ಲದ ಕೆಂಡವನ್ನು ಮಡಿಕೆಯಲ್ಲಿಟ್ಟು, ಮರಿಗಳು ಮುಟ್ಟದಂತೆ ಸುತ್ತಲೂ ಜಾಲರಿ ಕಟ್ಟಿ ಸಿದ್ಧವಾಗಿರಿಸಬೇಕು. ಆಗ ಕೋಣೆಯ ಮೇಲ್ಗಡೆ ಗಾಳಿ ಹೋಗಲು ದಾರಿ ಇರಲೇಬೇಕು, ಯಾಕಂದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿಯು ಮರಿಗಳನ್ನೂ ಮನುಷ್ಯರನ್ನೂ ಕೊಲ್ಲುವದು.

ಶಾಖವನ್ನು ಅಳೆಯುವ ಯಂತ್ರವಿಲ್ಲವೆಂದು ಚಿಂತೆ ಬೇಡ, ಮರಿಗಳೇ ತಿಳಿಸುವವು. ದೀಪದ ಕೆಳಗೆ ಒತ್ತಾಗಿ ಸೇರಿ ಕೂಗುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರು ಕಡೆಯಿಂದ ಗಾಳಿ ಬೀಸುತ್ತಿರಬಹುದು. ಸುತ್ತಲೂ ಹರಡಿ ತಿನ್ನುತ್ತಾ ಮಲಗುತ್ತಾ ಇದ್ದರೆ ಸರಿಯಾಗಿದೆ. ಮಲಗುವದಕ್ಕೆ ಮುಂಚೆ ಒಮ್ಮೆ, ನಡುರಾತ್ರಿಯಲ್ಲಿ ಇನ್ನೊಮ್ಮೆ ಎದ್ದು ನೋಡುವವನ ಮರಿಗಳು ಔಷಧವನ್ನೇ ನಂಬಿದವನ ಮರಿಗಳಿಗಿಂತ ಹೆಚ್ಚು ಉಳಿಯುವವೆಂದು ನನ್ನ ಅಭಿಪ್ರಾಯ. ಮರಿಗಳ ಸುತ್ತ ಬಿದಿರಿನ ತಟ್ಟಿಯನ್ನು ದುಂಡಗೆ ಕಟ್ಟಬೇಕು. ಮೂಲೆಗಳಿದ್ದರೆ ಚಳಿಗೆ ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟಿ ಸಾಯುವವು.

ಮರಿಗಳು ಬಂದ ಕೂಡಲೇ ಮೊದಲು ನೀರು, ಆಮೇಲೆ ತಿಂಡಿ. ಮೊಟ್ಟೆಯ ಹಳದಿಯು ಮರಿಯ ಹೊಟ್ಟೆಯೊಳಗೆ ಸ್ವಲ್ಪ ಉಳಿದಿರುವದರಿಂದ ಒಂದೆರಡು ದಿನ ಹಸಿವನ್ನು ತಾಳಬಲ್ಲದು. ಆದರೆ ಪ್ರಯಾಣದಲ್ಲಿ ಬಾಯಾರಿರುವದು. ಸ್ವಲ್ಪ ಬೆಲ್ಲ ಕರಗಿಸಿದ ನೀರಲ್ಲಿ ಕೊಕ್ಕನ್ನು ಅದ್ದಿ ಕುಡಿಯಲು ಕಲಿಸಿರಿ. ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ಹಾಕಿದರೆ ಬಿದ್ದು ಮುಳುಗವು.

ನೆಲಕ್ಕೆ ಭತ್ತದ ಹೊಟ್ಟನ್ನು ಎರಡು ಅಂಗುಲ ಹರಡಿ, ನೆನೆದ ಭಾಗವನ್ನು ಆಗಾಗ ತೆಗೆಯತಕ್ಕದ್ದು. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿಯ ಜೀವಾಣು ಬೆಳೆಯುವದು. ಮೂರನೆಯ ವಾರದಿಂದ ಹಿಕ್ಕೆಯಲ್ಲಿ ರಕ್ತ ಕಂಡರೆ ಆ ದಿನವೇ ಪಶುವೈದ್ಯರ ಬಳಿಗೆ ಹೋಗಿರಿ; ಅದಕ್ಕೆ ಔಷಧವುಂಟು.

ಕೊಕ್ಕರೆ ರೋಗಕ್ಕಾದರೋ ಔಷಧವಿಲ್ಲ, ಲಸಿಕೆಯೊಂದೇ. ಇದನ್ನೇ ರಾಣಿಖೇತ್ ರೋಗವೆನ್ನುವರು. ಹಿಮಾಲಯದ ಆ ಊರಿನಿಂದ 1920ರ ದಶಕದಲ್ಲಿ ವರದಿಯಾದದರಿಂದ ಈ ಹೆಸರು. ಮರಿಗಳಿಗೆ 5ರಿಂದ 7 ದಿನಗಳಾದಾಗ ಕಣ್ಣಿಗೆ ಒಂದು ಹನಿ ಹಾಕಿಸಿ, ಮುಂದಿನದನ್ನು ವೈದ್ಯರು ಹೇಳಿದ ದಿನಕ್ಕೆ ಹಾಕಿಸಬೇಕು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತರದಿದ್ದರೆ ಅದು ಕೆಡುವದು, ಹಾಕಿಸಿಯೂ ಫಲವಿಲ್ಲ.

ತಾಯಿಯೊಂದಿಗಿರುವ ಊರಕೋಳಿಯ ಮರಿಗಳಿಗೆ ಚಳಿಗಿಂತ ಕಾಗೆ, ಗಿಡುಗ, ಮುಂಗುಸಿಗಳೇ ಹೆಚ್ಚು ಭಯ. ಮೊದಲನೆಯ ಎರಡು ಮೂರು ವಾರ ತಾಯಿಯನ್ನೂ ಮರಿಗಳನ್ನೂ ಬಿದಿರಿನ ಪಂಜರದ ಕೆಳಗೆ ಇರಿಸಿ, ನುಚ್ಚನ್ನೂ ನೀರನ್ನೂ ಅಲ್ಲಿಯೇ ಕೊಡುವದು ಉತ್ತಮ. ರಾತ್ರಿ ಎದ್ದು ನೋಡಲು ಮನೆಯಲ್ಲಿ ಯಾರೂ ಇಲ್ಲದವರು ಒಂದು ದಿನದ ಮರಿಯನ್ನು ಕೊಳ್ಳದೆ, ಬೆಲೆ ಹೆಚ್ಚಾದರೂ ಲಸಿಕೆ ಹಾಕಿಸಿದ ಐದು ವಾರದ ಮರಿಯನ್ನೇ ಕೊಳ್ಳಲಿ.