ಕೈಯಿಂದ ಕೈಗೆ

ಮಗ್ಗವಿಲ್ಲದೆ ಬಟ್ಟೆಯನ್ನು ಸಿದ್ಧಪಡಿಸಲು ಸಾಧ್ಯವೇ? ಒಂದು ಎಳೆ ನೂಲು ಮತ್ತು ತುದಿಯಲ್ಲಿ ಕೊಕ್ಕೆಯುಳ್ಳ ಒಂದು ಚಿಕ್ಕ ಕಡ್ಡಿ, ಇವೆರಡರಿಂದಲೇ ಟೋಪಿ, ಕುಲಾವಿ, ಕೊರಳಪಟ್ಟಿ, ಕೈಚೀಲ ಮೊದಲಾದವುಗಳನ್ನು ಮಾಡುವ ಕಲೆಯೊಂದುಂಟು. ಅದೇ ಕ್ರೋಷಾ ಹೆಣಿಗೆ. ಫ್ರೆಂಚ್ ಭಾಷೆಯಲ್ಲಿ ಚಿಕ್ಕ ಕೊಕ್ಕೆಗೆ ‘ಕ್ರೋಷೆ’ ಎಂದು ಹೆಸರು. ಉಪಕರಣದ ಹೆಸರೇ ಕಲೆಗೂ ಬಂದಿತು. ನಮ್ಮ ನಾಡಿನಲ್ಲಿ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರ ಕೈಯಲ್ಲಿಯೂ ಈ ಕಡ್ಡಿಯನ್ನು ಕಾಣಬಹುದು. ಎಳೆಯನ್ನು ಕುಣಿಕೆ ಮಾಡಿ, ಅದರೊಳಗಿನಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಹೋದರೆ ಸರಪಳಿಯಾಗುತ್ತದೆ. ಸರಪಳಿಯ ಮೇಲೆ ಗಿಡ್ಡ ಹೆಣಿಗೆಯನ್ನೋ ಎತ್ತರದ ‘ಕಂಬ’ವನ್ನೋ ಏರಿಸುತ್ತ ಸಾಗಿದರೆ ಬಟ್ಟೆ ಬೆಳೆಯುತ್ತದೆ. ಈ ಕಲೆಯ ಮೂಲ ಇಷ್ಟೇ.

ಎದುರಿಗೆ ಕುಳಿತ ಹಿರಿಯರನ್ನು ನೋಡಿ ಇದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಆದರೆ ತಾನು ಹೆಣೆದುದನ್ನು, ತನ್ನ ಮುಖವನ್ನೇ ಕಾಣದ ದೂರದ ಊರಿನವರೂ ತಪ್ಪಿಲ್ಲದೆ ಹೆಣೆಯುವಂತೆ ಬರೆದು ತಿಳಿಸುವುದು ಬೇರೆಯೇ ಒಂದು ವಿದ್ಯೆ. ಇಂತಹ ಬರಹಕ್ಕೆ ‘ಮಾದರಿ’ ಎನ್ನುತ್ತಾರೆ. ಇಂದು ಸಾಮಾನ್ಯವೆಂದು ತೋರುವ ಈ ಮಾದರಿಗಳು ಒಂದು ಕಾಲದಲ್ಲಿ ಹಸಿದವರಿಗೆ ಅನ್ನವಿಕ್ಕಿದವು.

1845ರಲ್ಲಿ ಐರ್ಲೆಂಡ್ ದೇಶದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಬಡವರ ಮುಖ್ಯ ಆಹಾರವೇ ಅದಾಗಿದ್ದುದರಿಂದ ಭೀಕರ ಕ್ಷಾಮ ತಲೆದೋರಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ದೇಶವನ್ನು ಬಿಟ್ಟು ಹೋದರು. ಕಾರ್ಕ್ ನಗರದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿ ಉರ್ಸುಲಿನ್ ಪಂಥದ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಷಾ ಹೆಣಿಗೆಯನ್ನು ಕಲಿಸಿದರು. ಉತ್ತರದ ಕ್ಲೋನ್ಸ್ ಎಂಬ ಊರಿಗೆ 1847ರಲ್ಲಿ ಬಂದ ಪಾದ್ರಿಯೊಬ್ಬರ ಪತ್ನಿ ಕಸ್ಸಾಂಡ್ರಾ ಹ್ಯಾಂಡ್ ಅಲ್ಲಿಯೂ ಈ ಕಸುಬನ್ನು ಬೇರೂರಿಸಿದಳು. ಒಬ್ಬಳು ಗುಲಾಬಿಯನ್ನು ಹೆಣೆದರೆ ಇನ್ನೊಬ್ಬಳು ಎಲೆಯನ್ನು ಹೆಣೆಯುವಳು. ಮತ್ತೊಬ್ಬಳು ಅವುಗಳನ್ನು ಬಲೆಯಂತಹ ಹೆಣಿಗೆಯಿಂದ ಜೋಡಿಸುವಳು. ಹೀಗೆ ಸಿದ್ಧವಾದ ಕೊರಳಪಟ್ಟಿಗಳೂ ಮುಂಗೈಪಟ್ಟಿಗಳೂ ಸಿರಿವಂತರ ಉಡುಪನ್ನು ಅಲಂಕರಿಸಿದವು. ಆ ಹಣದಿಂದ ಕೆಲವರು ಮನೆಯ ಗೇಣಿಯನ್ನು ತೆತ್ತರು. ಕೆಲವರು ಅಮೆರಿಕೆಯ ಹಡಗನ್ನು ಹತ್ತಿದರು.

ಅದೇ 1840ರ ದಶಕದಲ್ಲಿ ಎಲಿಯನೋರ್ ರೀಗೋ ಡಿ ಲಾ ಬ್ರಾಂಶಾರ್ಡಿಯೇರ್ ಎಂಬ ತರುಣಿ ಲಂಡನ್ನಿನಲ್ಲಿ ಹೆಣಿಗೆಯ ಮಾದರಿಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸತೊಡಗಿದಳು. ಆಕೆಯ ತಂದೆ ಫ್ರೆಂಚ್ ವಂಶದವನು, ತಾಯಿ ಐರ್ಲೆಂಡಿನವಳು. ಆಕೆ ಬರೆದ ಪುಸ್ತಕಗಳು ಹತ್ತಾರು. ಬೆರಳುಗಳಲ್ಲಿ ಬದುಕಿದ್ದ ವಿದ್ಯೆ ಇಂತಹ ಪುಸ್ತಕಗಳಿಂದ ಅಚ್ಚಿನ ಪುಟವನ್ನೇರಿ ಅನೇಕ ಮನೆಗಳಿಗೆ ತಲಪಿತು.

ಒಂದು ಮಾದರಿಯು ಹೇಗೆ ಹುಟ್ಟುತ್ತದೆ? ಸರಳವಾದ ಒಂದು ಟೋಪಿಯನ್ನು ತೆಗೆದುಕೊಳ್ಳೋಣ. ರಚಿಸುವವರು ಮೊದಲು ಅದೇ ನೂಲಿನಿಂದ, ಅದೇ ಕಡ್ಡಿಯಿಂದ ಒಂದು ಚೌಕವನ್ನು ಹೆಣೆದು ಅಳೆಯಬೇಕು. 10 ಸೆಂಟಿಮೀಟರ್ ಅಗಲದಲ್ಲಿ 15 ಗಿಡ್ಡ ಹೆಣಿಗೆಗಳು ಕುಳಿತವು ಎನ್ನೋಣ. ಟೋಪಿಯ ಸುತ್ತಳತೆ 52 ಸೆಂಟಿಮೀಟರ್ ಆಗಬೇಕಾದರೆ 78 ಹೆಣಿಗೆಗಳು ಬೇಕು. ನೆತ್ತಿಯಲ್ಲಿ 6 ಹೆಣಿಗೆಗಳಿಂದ ಆರಂಭಿಸಿ ಪ್ರತಿ ಸುತ್ತಿಗೂ ಆರಾರನ್ನು ಹೆಚ್ಚಿಸಿದರೆ ಹದಿಮೂರನೆಯ ಸುತ್ತಿಗೆ ಆ ಸಂಖ್ಯೆ ದೊರೆಯುತ್ತದೆ. ಆಮೇಲೆ ಹೆಚ್ಚಿಸದೆ ಹೆಣೆಯುತ್ತ ಕಿವಿಯವರೆಗೆ ಇಳಿಸಿದರಾಯಿತು.

ಆರೇ ಏಕೆ? ವೃತ್ತದ ಪರಿಧಿಯ ಸೂತ್ರವನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದರ ಉತ್ತರ ಹೊಳೆಯದೆ ಇರದು. ತ್ರಿಜ್ಯವು ಒಂದು ಅಳತೆಯಷ್ಟು ಹೆಚ್ಚಿದಾಗ ಪರಿಧಿಯು ಅದರ ಸುಮಾರು 6.28 ಪಟ್ಟು ಹೆಚ್ಚುತ್ತದೆ. ಗಿಡ್ಡ ಹೆಣಿಗೆಯ ಎತ್ತರವೂ ಅಗಲವೂ ಹೆಚ್ಚುಕಡಮೆ ಸಮಾನವಾದುದರಿಂದ, ಪ್ರತಿ ಸುತ್ತಿಗೆ ಸುಮಾರು ಆರು ಹೆಣಿಗೆಗಳನ್ನು ಸೇರಿಸಿದರೆ ಚಕ್ರವು ಚಪ್ಪಟೆಯಾಗಿ ನಿಲ್ಲುತ್ತದೆ. ಕಡಮೆ ಸೇರಿಸಿದರೆ ಬಟ್ಟಲಿನಂತೆ ಬಾಗುತ್ತದೆ. ಹೆಚ್ಚು ಸೇರಿಸಿದರೆ ಅಂಚು ಅಲೆಯಲೆಯಾಗಿ ನೆರಿಗೆಗಟ್ಟುತ್ತದೆ. ಈ ನೆರಿಗೆಯೇ ಗಣಿತಕ್ಕೂ ನೆರವಾಯಿತು. ಅತಿಪರವಲಯ ಜ್ಯಾಮಿತಿಯ ತಲಗಳನ್ನು ತೋರಿಸಲು ಕಾಗದದಿಂದ ಮಾಡಿದ ಮಾದರಿಗಳು ಬೇಗನೆ ಹರಿದುಹೋಗುತ್ತಿದ್ದವು. ಲಾಟ್ವಿಯಾ ದೇಶದಲ್ಲಿ ಹುಟ್ಟಿದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವುಗಳನ್ನು ಕ್ರೋಷಾ ಹೆಣಿಗೆಯಿಂದ ಸಿದ್ಧಪಡಿಸಿದರು. ಅಡುಗೆಮನೆಯ ಮೂಲೆಯಲ್ಲಿ ಕುಳಿತು ಹೆಣೆಯುವ ಕೈಗಳು ಎಂತಹ ಗಣಿತವನ್ನು ಅರಿಯದೆಯೇ ಆಚರಿಸುತ್ತಿದ್ದವು ಎಂಬುದು ಆಗ ಲೋಕಕ್ಕೆ ತಿಳಿಯಿತು.

ಟೋಪಿ ಮುಗಿದೊಡನೆ ಮಾದರಿಯೂ ಮುಗಿಯಿತೆಂದು ಭಾವಿಸಬಾರದು. ಅದನ್ನು ಪರೀಕ್ಷೆಗೆ ಒಡ್ಡಬೇಕು. ರಚಿಸಿದವರಿಗೆ ತಮ್ಮ ಬರಹದ ಕೊರತೆ ಕಾಣುವುದಿಲ್ಲ; ಬಿಟ್ಟುಹೋದುದನ್ನು ಅವರ ನೆನಪು ತಾನಾಗಿಯೇ ತುಂಬಿಕೊಳ್ಳುತ್ತದೆ. ಆದುದರಿಂದ ಮೂರು ನಾಲ್ಕು ಜನ ಬೇರೆಯವರು ಕೇವಲ ಆ ಬರಹವನ್ನು ಓದಿ ಹೆಣೆಯಬೇಕು. ರಚಿಸಿದವರು ಪಕ್ಕದಲ್ಲಿ ಕುಳಿತು ವಿವರಿಸಬಾರದು. ಕೆಲವರ ಕೈ ಬಿಗಿ, ಕೆಲವರ ಕೈ ಸಡಿಲ. ಬಿಗಿಗೈಯವರಿಗೆ 10 ಸೆಂಟಿಮೀಟರಿಗೆ 18 ಹೆಣಿಗೆಗಳು ಬಂದರೆ, ಅದೇ 78 ಹೆಣಿಗೆಗಳ ಟೋಪಿಯು ಸುಮಾರು 43 ಸೆಂಟಿಮೀಟರಿಗೆ ಕುಗ್ಗಿ, ದೊಡ್ಡವರ ತಲೆಗೆ ಬದಲಾಗಿ ಶಿಶುವಿನ ತಲೆಗೆ ಸರಿಹೊಂದುತ್ತದೆ. ಆದಕಾರಣ ಒಳ್ಳೆಯ ಮಾದರಿಯು ಚೌಕದ ಅಳತೆಯನ್ನೂ ಪ್ರತಿ ಸುತ್ತಿನ ಕೊನೆಗಿರಬೇಕಾದ ಹೆಣಿಗೆಗಳ ಸಂಖ್ಯೆಯನ್ನೂ ಬೇಕಾಗುವ ನೂಲಿನ ತೂಕವನ್ನೂ ತಿಳಿಸುತ್ತದೆ. ಪರೀಕ್ಷಿಸುವವರು ಯಾವ ಸಾಲಿನಲ್ಲಿ ತಡವರಿಸಿದರೋ ಆ ಸಾಲನ್ನು ತಿದ್ದಬೇಕು. ಅವರು ಎಡವಿದ್ದು ಅವರ ದಡ್ಡತನದಿಂದಲ್ಲ, ಬರಹದ ಅಸ್ಪಷ್ಟತೆಯಿಂದ ಎಂದು ತಿಳಿಯುವುದೇ ವಿವೇಕ.

ಮಾತಿನ ತೊಡಕೂ ಒಂದುಂಟು. ಬ್ರಿಟಿಷರು ‘ಡಬಲ್ ಕ್ರೋಷೆ’ ಎಂದು ಕರೆಯುವ ಗಿಡ್ಡ ಹೆಣಿಗೆಯನ್ನೇ ಅಮೆರಿಕದವರು ‘ಸಿಂಗಲ್ ಕ್ರೋಷೆ’ ಎನ್ನುತ್ತಾರೆ. ಅಮೆರಿಕದವರ ‘ಡಬಲ್’ ಬ್ರಿಟಿಷರಿಗೆ ‘ಟ್ರೆಬಲ್’. ಯಾವ ನಾಡಿನ ಪರಿಭಾಷೆಯೆಂದು ತಿಳಿಸದಿದ್ದರೆ ಓದುಗರ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಜಪಾನಿನಲ್ಲಿ ಹೆಣಿಗೆಗಳನ್ನು ಚಿಹ್ನೆಗಳ ನಕ್ಷೆಯಿಂದ ಸೂಚಿಸುವ ಕ್ರಮ ಬಳಕೆಯಲ್ಲಿದೆ. ಭಾಷೆ ಬಾರದವರೂ ಅದನ್ನು ನೋಡಿ ಹೆಣೆಯಬಲ್ಲರು.

ಇನ್ನು ಹಂಚಿಕೊಳ್ಳುವ ಮಾತು. ಐರ್ಲೆಂಡಿನ ಕೆಲವು ಕುಟುಂಬಗಳು ತಮ್ಮ ಹೂವಿನ ಮಾದರಿಗಳನ್ನು ಗುಟ್ಟಾಗಿ ಕಾಪಾಡಿಕೊಂಡಿದ್ದವೆಂದು ಹೇಳುತ್ತಾರೆ. ಆ ಗುಟ್ಟೇ ಅನ್ನದ ದಾರಿಯಾಗಿದ್ದ ಬಡವರನ್ನು ಹಳಿಯುವಂತಿಲ್ಲ. ಆದರೆ ಬರೆದಿಡದ ಮಾದರಿಯು ಕೊನೆಯ ಕೈಯೊಡನೆಯೇ ಅಳಿಯುತ್ತದೆ. ಹಂಚಿದ ಮಾದರಿ ಉಳಿಯುತ್ತದೆ. ಆದರೆ ರಚಿಸಿದವರ ಹೆಸರು ಅದರಿಂದ ಕಳಚಿ ಬೀಳುವ ಭಯವುಂಟು. ನೆರೆಯ ಆಂಧ್ರಪ್ರದೇಶದ ನರಸಾಪುರದ ಸುತ್ತಮುತ್ತ ಸಾವಿರಾರು ಮಹಿಳೆಯರು ತಲೆಮಾರುಗಳಿಂದ ಕ್ರೋಷಾ ಕಸೂತಿಯನ್ನು ಹೆಣೆಯುತ್ತ ಬಂದಿದ್ದಾರೆ. ಅವರ ದುಡಿಮೆಯನ್ನು ಬಿಡುವಿನ ಹವ್ಯಾಸವೆಂದು ಎಣಿಸಿ ಅತ್ಯಲ್ಪ ಕೂಲಿ ಕೊಡಲಾಗುತ್ತಿದ್ದುದನ್ನು ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಗ್ರಂಥದಲ್ಲಿ ಎತ್ತಿ ತೋರಿಸಿದರು. 2024ರಲ್ಲಿ ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಊರಿಗೆ ಹೆಸರು ಬಂದಿತು. ಹೆಣೆದ ಕೈಗಳಿಗೆ ತಕ್ಕ ಬೆಲೆಯೂ ಬರಬೇಕು.

ಆದುದರಿಂದ ಇನ್ನೊಬ್ಬರ ಮಾದರಿಯನ್ನು ಬಳಸುವವರಿಗೆ ಒಂದು ಕರ್ತವ್ಯವಿದೆ. ರಚಿಸಿದವರ ಹೆಸರನ್ನು ಹೇಳುವುದು, ಅವರ ಅನುಮತಿಯಿಲ್ಲದೆ ಅದನ್ನು ತನ್ನದೆಂದು ಮಾರದಿರುವುದು, ಕಂಡ ತಪ್ಪನ್ನು ಅವರಿಗೆ ತಿಳಿಸುವುದು. ರಚಿಸುವವರಿಗೂ ಒಂದು ಕರ್ತವ್ಯವಿದೆ. ತನ್ನ ಮಾತನ್ನು ನಂಬಿ ನೂಲು ಕೊಂಡವರ ಹಣವೂ ಹೊತ್ತೂ ಹಾಳಾಗದಂತೆ ಬರೆಯುವುದು. ಕ್ರೋಷಾ ಹೆಣಿಗೆಯ ಎಳೆಯ ತುದಿಯನ್ನು ಭದ್ರಪಡಿಸದೆ ಬಿಟ್ಟು ಎಳೆದರೆ ಕೊನೆಯ ಕುಣಿಕೆಯಿಂದ ಮೊದಲ ಕುಣಿಕೆಯವರೆಗೆ ಎಲ್ಲವೂ ಬಿಚ್ಚಿಹೋಗುತ್ತದೆ. ಕೊಡುವವರ ಮತ್ತು ಪಡೆಯುವವರ ನಡುವಿನ ನಂಬಿಕೆಯೂ ಅಂತಹುದೇ. ಕೊನೆಯ ಗಂಟನ್ನು ಪ್ರಾಮಾಣಿಕತೆಯಿಂದ ಬಿಗಿದಾಗ ಮಾತ್ರ ಅದು ಬಾಳುತ್ತದೆ.