ಕಾಣದ ಕಪ್ಪು ರಂಧ್ರಗಳೂ ಕ್ಷ-ಕಿರಣಗಳೂ

ಅಪಾರ ದ್ರವ್ಯರಾಶಿಯು ಅತ್ಯಲ್ಪ ಸ್ಥಳದಲ್ಲಿ ಅಡಕಗೊಂಡಿರುವ ಕಾಯವೇ ಕಪ್ಪು ರಂಧ್ರ. ಅದರ ಗುರುತ್ವವು ಎಷ್ಟು ಪ್ರಬಲವೆಂದರೆ, ಒಂದು ಮೇರೆಯನ್ನು ದಾಟಿ ಒಳಹೊಕ್ಕ ಬೆಳಕು ಸಹ ಹಿಂದಿರುಗಲಾರದು. ಹಾಗಾದರೆ, ಬೆಳಕನ್ನೇ ಹೊರಬಿಡದ ಕಾಯವೊಂದು ಅಲ್ಲಿದೆಯೆಂದು ವಿಜ್ಞಾನಿಗಳು ನಿಶ್ಚಯಿಸುವುದು ಹೇಗೆ? ಈ ಸಂದೇಹ ಸಹಜವಾದುದು.

ಇದಕ್ಕೆ ಉತ್ತರವನ್ನು ರಂಧ್ರದ ಸುತ್ತಲಿನ ಅನಿಲವು ಒದಗಿಸುತ್ತದೆ. ಗುರುತ್ವದ ಸೆಳೆತಕ್ಕೆ ಸಿಕ್ಕ ಅನಿಲವು ನೇರವಾಗಿ ಒಳಗೆ ಬೀಳದೆ, ನೀರಿನ ಸುಳಿಯಂತೆ ಸುತ್ತುತ್ತ ಬಿಲ್ಲೆಯ ಆಕಾರವನ್ನು ತಾಳುತ್ತದೆ. ರಂಧ್ರದ ಸಮೀಪದಲ್ಲಿ ಅದು ಲಕ್ಷಾಂತರ, ಕೆಲವೆಡೆ ಕೋಟ್ಯಂತರ ಡಿಗ್ರಿಗಳಷ್ಟು ಕಾಯ್ದು ಕ್ಷ-ಕಿರಣಗಳನ್ನು ಸೂಸುತ್ತದೆ. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕಿರಣಗಳ ಜಾತಿಯವೇ ಇವು.

ಭೂಮಿಯ ವಾಯುಮಂಡಲವು ಈ ಕಿರಣಗಳನ್ನು ಹೀರಿಕೊಳ್ಳುವುದರಿಂದ ಉಪಕರಣಗಳನ್ನು ಮೇಲಕ್ಕೆ ಕಳುಹಿಸುವುದು ಅನಿವಾರ್ಯ. 1962ರಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಹಾರಿಸಿದ ರಾಕೆಟ್ಟು, ಸೌರವ್ಯೂಹದಾಚೆಯ ಮೊದಲ ಕ್ಷ-ಕಿರಣ ಆಕರವನ್ನು ಗುರುತಿಸಿತು. 1970ರಲ್ಲಿ ಕೀನ್ಯಾದ ಕರಾವಳಿಯಿಂದ ಮೇಲೇರಿದ 'ಉಹುರು' ಉಪಗ್ರಹವು ಇಂತಹ 339 ಆಕರಗಳನ್ನು ಪಟ್ಟಿಮಾಡಿತು.

ಸಾಕ್ಷ್ಯದ ಪರೀಕ್ಷೆ

ಕ್ಷ-ಕಿರಣ ಬಂದ ಮಾತ್ರಕ್ಕೆ ಅಲ್ಲಿ ಕಪ್ಪು ರಂಧ್ರವಿದೆಯೆಂದು ಹೇಳಲಾಗದು. ನ್ಯೂಟ್ರಾನ್ ನಕ್ಷತ್ರಗಳೂ ಸ್ಫೋಟಗೊಂಡ ನಕ್ಷತ್ರಗಳ ಅವಶೇಷಗಳೂ ಅವನ್ನು ಸೂಸುತ್ತವೆ. ಆದುದರಿಂದ ಎರಡು ಅಂಶಗಳನ್ನು ಪರಿಶೀಲಿಸಬೇಕಾಗುತ್ತದೆ: ಆಕರದ ಗಾತ್ರ ಮತ್ತು ಅದರ ದ್ರವ್ಯರಾಶಿ.

ರಾಜಹಂಸ ನಕ್ಷತ್ರಪುಂಜದಲ್ಲಿರುವ 'ಸಿಗ್ನಸ್ ಎಕ್ಸ್-1' ಇದಕ್ಕೆ ಉತ್ತಮ ನಿದರ್ಶನ. ಇದರ ಕಿರಣಗಳು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲೇ ಏರಿಳಿಯುತ್ತವೆ. ಅಷ್ಟು ಅವಧಿಯಲ್ಲಿ ಬೆಳಕು ಕ್ರಮಿಸುವ ದೂರ ಕೆಲವು ನೂರು ಕಿಲೋಮೀಟರು ಮಾತ್ರ. ಕಿರಣ ಸೂಸುವ ಪ್ರದೇಶವು ಅದಕ್ಕಿಂತ ಬಹಳ ದೊಡ್ಡದಿದ್ದರೆ ಒಟ್ಟಾಗಿ ಏರಿಳಿಯಲಾರದು. ಇನ್ನು ದ್ರವ್ಯರಾಶಿ. ಒಂದು ದೈತ್ಯ ನೀಲಿ ನಕ್ಷತ್ರವು ಈ ಅದೃಶ್ಯ ಕಾಯದೊಡನೆ 5.6 ದಿನಗಳಿಗೊಮ್ಮೆ ಸುತ್ತು ಹಾಕುತ್ತದೆ. ಆ ಚಲನೆಯನ್ನು ಅಳೆದಾಗ ಅದೃಶ್ಯ ಕಾಯದ ತೂಕ ತಿಳಿಯಿತು. 2021ರಲ್ಲಿ ಪ್ರಕಟವಾದ ಗಣನೆಯಂತೆ ಅದು ಸೂರ್ಯನ ಸುಮಾರು 21 ಪಟ್ಟು. ನ್ಯೂಟ್ರಾನ್ ನಕ್ಷತ್ರವು ಸೂರ್ಯನ ಸುಮಾರು ಮೂರು ಪಟ್ಟಿಗಿಂತ ಭಾರವಾಗಿರಲಾರದು. ಇಷ್ಟು ಕಿರಿದಾದ, ಇಷ್ಟು ಭಾರವಾದ ಕಾಯ ಕಪ್ಪು ರಂಧ್ರವೇ ಆಗಿರಬೇಕು.

ಗೆಲಾಕ್ಸಿಗಳ ಗರ್ಭದಲ್ಲಿ

ಗೆಲಾಕ್ಸಿಗಳ ಕೇಂದ್ರದಲ್ಲಿರುವ ಕಪ್ಪು ರಂಧ್ರಗಳು ಇನ್ನೂ ಬೃಹತ್ತಾದವು. ನಮ್ಮ ಆಕಾಶಗಂಗೆಯ ನಡುವೆ ಇರುವುದರ ದ್ರವ್ಯರಾಶಿ ಸೂರ್ಯನ ಸುಮಾರು 40 ಲಕ್ಷ ಪಟ್ಟು. ಅನೇಕ ಗೆಲಾಕ್ಸಿಗಳಲ್ಲಿ ದಟ್ಟವಾದ ಧೂಳು ಕೇಂದ್ರವನ್ನು ಮರೆಮಾಡಿ, ಸಾಮಾನ್ಯ ದೂರದರ್ಶಕಕ್ಕೆ ಏನೂ ಕಾಣದಂತೆ ಮಾಡುತ್ತದೆ. ಹೆಚ್ಚು ಶಕ್ತಿಯ ಕ್ಷ-ಕಿರಣಗಳಾದರೋ ಈ ತೆರೆಯನ್ನು ಭೇದಿಸಿ ಹೊರಬರುತ್ತವೆ.

ಭಾರತ ಸಂಜಾತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಹೊತ್ತ 'ಚಂದ್ರ' ವೀಕ್ಷಣಾಲಯವು 1999ರಲ್ಲಿ ಕಕ್ಷೆ ಸೇರಿತು. ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರದ ಎನ್.ಜಿ.ಸಿ. 6240 ಎಂಬ ಗೆಲಾಕ್ಸಿಯನ್ನು ಅದು ವೀಕ್ಷಿಸಿತು. ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದು ಒಂದಾಗುತ್ತಿರುವ ಆ ಧೂಳುಮಯ ತಾಣದಲ್ಲಿ ಎರಡು ಪ್ರಖರ ಬಿಂದುಗಳು ಕಂಡುಬಂದವು. ಎರಡರಿಂದಲೂ ಕಬ್ಬಿಣದ ಪರಮಾಣುಗಳು ಹೊರಸೂಸುವ ವಿಶಿಷ್ಟ ಕ್ಷ-ಕಿರಣಗಳು ಬರುತ್ತಿದ್ದವು. ಒಂದೇ ಗೆಲಾಕ್ಸಿಯಲ್ಲಿ ಎರಡು ಬೃಹತ್ ಕಪ್ಪು ರಂಧ್ರಗಳು ಸಕ್ರಿಯವಾಗಿವೆಯೆಂದು 2002ರಲ್ಲಿ ಪ್ರಕಟಿಸಲಾಯಿತು.

ಭಾರತದ ಪಾತ್ರ

1975ರಲ್ಲಿ ಕಕ್ಷೆಗೇರಿದ, ಬೆಂಗಳೂರಿನಲ್ಲಿ ನಿರ್ಮಿತವಾದ ನಮ್ಮ ಮೊದಲ ಉಪಗ್ರಹ 'ಆರ್ಯಭಟ'ದಲ್ಲೇ ಕ್ಷ-ಕಿರಣ ಉಪಕರಣವಿತ್ತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ 'ಆಸ್ಟ್ರೊಸ್ಯಾಟ್' ಯೋಜನೆಯಲ್ಲಿ ಬೆಂಗಳೂರು, ಮುಂಬಯಿ, ಪುಣೆಗಳ ಸಂಶೋಧನಾ ಸಂಸ್ಥೆಗಳು ಭಾಗವಹಿಸಿದವು. 2024ರ ಜನವರಿ 1ರಂದು ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆಯುವ 'ಎಕ್ಸ್‌ಪೊಸ್ಯಾಟ್' ಉಡಾವಣೆಗೊಂಡಿತು. ಕಿರಣಗಳ ಕಂಪನದ ದಿಕ್ಕನ್ನು ತಿಳಿದರೆ, ರಂಧ್ರದ ಅಂಚಿನಲ್ಲಿ ಅನಿಲವು ಯಾವ ಆಕಾರದಲ್ಲಿ ಹರಡಿದೆಯೆಂಬುದನ್ನು ಊಹಿಸಲು ಸಾಧ್ಯವಾಗುತ್ತದೆ.

ಕಣ್ಣಿಗೆ ಕಾಣದುದನ್ನು ನಂಬಬೇಕಾದರೆ ಒಂದು ಸುಳಿವು ಸಾಲದು. ಗಾತ್ರ, ತೂಕ, ಕಿರಣದ ಸ್ವರೂಪ ಇವೆಲ್ಲವೂ ಒಂದೇ ತೀರ್ಮಾನದತ್ತ ಬೆರಳು ತೋರಬೇಕು. ಕಪ್ಪು ರಂಧ್ರಗಳ ಶೋಧನೆಯು ನಮಗೆ ಕಲಿಸುವ ಮುಖ್ಯ ಪಾಠ ಇದೇ.