ಎರಡನೇ ಹಿಡಿತ

ನಮ್ಮ ಕಡೆ ಹುಡುಗರು ಕಬಡ್ಡಿ ಟೀಮಿಗೆ ಸೇರುವುದೇ ರೈಡ್ ಮಾಡಲಿಕ್ಕೆ. ‘ನಾನು ಹಿಡೀತೀನಿ’ ಅಂತ ಹೇಳಿಕೊಂಡು ಬಂದವನನ್ನು ನಾನಂತೂ ಕಂಡಿಲ್ಲ. ಸಾಗರದ ಗೋಪಾಲಗೌಡ ಕ್ರೀಡಾಂಗಣವಿರಲಿ, ರಿಪ್ಪನ್‌ಪೇಟೆ ಆಚೆಯ ಕೊಯ್ಲಾದ ಗದ್ದೆಬಯಲಿರಲಿ, ತೀರ್ಥಹಳ್ಳಿ ಕಡೆ ಎಳ್ಳಮಾವಾಸ್ಯೆ ಜಾತ್ರೆ ಕಳೆದ ಮೇಲೆ ನಡೆಯುವ ಹೊನಲು ಬೆಳಕಿನ ಪಂದ್ಯಗಳಿರಲಿ, ಮೈಕಿನಲ್ಲಿ ಮೊಳಗುವುದು ರೈಡರ್ ಹೆಸರು. ಬೆಸ್ಟ್ ಕ್ಯಾಚರ್‌ಗೂ ಕಪ್ ಕೊಡುತ್ತಾರೆ, ಅದೇ ಎತ್ತರದ್ದು. ಆದರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಮಾತಾಡುವುದು ನಾಲ್ಕು ಜನರನ್ನು ಮೈಮೇಲೆ ಹೇರಿಕೊಂಡು ಮಧ್ಯಗೆರೆ ಮುಟ್ಟಿದವನ ಬಗ್ಗೆ.

ನಾನೂ ಹಾಗೆ ಬಂದವನೇ. 60 ಕೆ.ಜಿ. ವಿಭಾಗದ ಆಟಗಾರ. ಪಂದ್ಯದ ಸಂಜೆ ಸ್ವೆಟರ್ ಹಾಕಿಕೊಂಡು ರಸ್ತೆಯಲ್ಲಿ ಓಡಿ, ನೀರು ಕುಡಿಯದೆ ತಕ್ಕಡಿ ಹತ್ತಿ, ಇಳಿದ ಕೂಡಲೇ ಒಂದು ತಂಬಿಗೆ ನೀರು ಕುಡಿದು ಅಂಕಣಕ್ಕೆ ಹೋಗುತ್ತಿದ್ದ ಕಾಲ. ಕೋಚ್ ಅಂತ ಯಾರೂ ಇರಲಿಲ್ಲ. ಊರಿನಲ್ಲಿ ಮೊದಲು ಆಡಿದವರು ಹೇಳಿದ್ದೇ ಪಾಠ.

ರೈಡರ್ ಎಂದರೆ ಎದುರಾಳಿ ರೈಡ್ ಬಂದಾಗ ಹೊರಗೆ ಕೂರುವವನಲ್ಲ. ಏಳು ಜನರಲ್ಲಿ ಒಬ್ಬನಾಗಿ ಅವನೂ ನಿಂತಿರುತ್ತಾನೆ. ಸಾಮಾನ್ಯವಾಗಿ ಅವನ ಜಾಗ ‘ಇನ್’, ಅಂದರೆ ತುದಿಯ ಕಾರ್ನರ್‌ನ ಪಕ್ಕ, ಕವರ್‌ಗಿಂತ ಹೊರಗೆ. ಅಲ್ಲಿ ನಿಂತು ಅವನು ಮಾಡುವುದಿಷ್ಟೇ: ಪಕ್ಕದವನ ಕೈ ಹಿಡಿದು, ಮುಟ್ಟಿಸಿಕೊಳ್ಳದ ಹಾಗೆ ಹಿಂದೆ ಹಿಂದೆ ಸರಿಯುವುದು. ಲೆಕ್ಕ ಹಾಕಿ ನೋಡಿ. 40 ನಿಮಿಷದ ಆಟದಲ್ಲಿ ರೈಡ್‌ಗಳು ಸರದಿಯ ಪ್ರಕಾರ ಬರುತ್ತವೆ, ಅರ್ಧ ಅವರವು, ಅರ್ಧ ನಮ್ಮವು. ನಮ್ಮ ಅರ್ಧದಲ್ಲೂ ಎಲ್ಲವೂ ಒಬ್ಬನಿಗೇ ಸಿಗುವುದಿಲ್ಲ. ಎಂಥ ದೊಡ್ಡ ರೈಡರ್ ಆದರೂ ಪಂದ್ಯದ ಹೆಚ್ಚು ಪಾಲು ಅವನು ರೈಡರ್ ಅಲ್ಲ. ಆ ಹೆಚ್ಚು ಪಾಲಿನಲ್ಲಿ ಅವನು ಟೀಮಿಗೆ ಏನು?

ಈ ಪ್ರಶ್ನೆಯನ್ನು ನನಗೆ ಹಾಕಿದವರು ನಮ್ಮ ಎಡ ಕಾರ್ನರ್. ವೃತ್ತಿಯಿಂದ ಕೊನೆಗಾರರು, ಅಂದರೆ ಅಡಿಕೆ ಗೊನೆ ಕೊಯ್ದು ಇಳಿಸುವವರು. ನನಗಿಂತ ದೊಡ್ಡವರಾದ್ದರಿಂದ ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದುದು. ಅಡಿಕೆ ಮರ ಹತ್ತಿ ಹತ್ತಿ ಅಂಗೈ ಮರದ ತೊಗಟೆಯ ಹಾಗಾಗಿತ್ತು. ಅವರು ಕಣಕಾಲಿಗೆ ಕೈ ಹಾಕಿದರೆಂದರೆ ಬಿಡಿಸಿಕೊಂಡು ಹೋದವರು ಕಡಿಮೆ. ಆದರೆ ಅವರ ತಕರಾರೇ ಬೇರೆ. “ನಾ ಹಿಡಿದ ಮೇಲೆ ನೀ ಎಲ್ಲಿರ್ತೀಯ ಮಾರಾಯ? ನಾ ಕಾಲು ಹಿಡ್ಕಂಡು ನೆಲದ ಮೇಲೆ ಬಿದ್ದಿರ್ತೀನಿ, ಅವ ಗೆರೆ ಕಡೆ ಚಾಚ್ತಾ ಇರ್ತಾನೆ, ನೀ ನಿಂತ್ಕಂಡು ನೋಡ್ತಿರ್ತೀಯ!”

ಅವರು ಕೇಳಿದ್ದು ಮೊದಲ ಹಿಡಿತವನ್ನಲ್ಲ. ಎರಡನೆಯದನ್ನು. ರೈಡರ್‌ಗಳಿಗೆ ಹಿಡಿಯುವುದನ್ನು ಕಲಿಸುವಾಗ ಬಹಳ ಮಂದಿ ಇಲ್ಲೇ ದಾರಿ ತಪ್ಪುತ್ತಾರೆ ಅಂತ ಈಗಲೂ ನನ್ನ ಅಭಿಪ್ರಾಯ. ಅವನಿಗೆ ನೇರವಾಗಿ ಆಂಕಲ್ ಹೋಲ್ಡ್, ಥೈ ಹೋಲ್ಡ್, ಡ್ಯಾಶ್ ಹೇಳಿಕೊಡಲು ಹೋಗುತ್ತಾರೆ. ಅವು ಕಾರ್ನರ್, ಕವರ್‌ಗಳು ವರ್ಷಗಟ್ಟಲೆ ತಿದ್ದಿಕೊಳ್ಳುವ ವಿದ್ಯೆ. ಇನ್‌ನಲ್ಲಿ ನಿಂತವನು ಮೊದಲು ಕಲಿಯಬೇಕಾದದ್ದು ಪಕ್ಕದವನು ಹಿಡಿದ ಕ್ಷಣಕ್ಕೆ ಮಧ್ಯಗೆರೆ ಮತ್ತು ಎದುರಾಳಿಯ ನಡುವೆ ತನ್ನ ಮೈಯನ್ನು ತಂದು ನಿಲ್ಲಿಸುವುದನ್ನು. ಬ್ಲಾಕ್ ಅಂದರೆ ಅದೇ. ಕೈ ಬೇಕಾಗಿಯೂ ಇಲ್ಲ, ಎದೆ ಮತ್ತು ಸೊಂಟ ಸಾಕು. ಕಾಲು ಸಿಕ್ಕಿಕೊಂಡ ಯಾವ ರೈಡರ್ ಆದರೂ ಮಾಡುವುದು ಒಂದೇ: ಗೆರೆಯ ಕಡೆ ತಿರುಗಿ, ಇದ್ದಷ್ಟು ಉದ್ದಕ್ಕೂ ಮೈ ಚಾಚುವುದು. ಆ ದಾರಿಗೆ ಅಡ್ಡ ಬಂದರೆ ಅವನ ಮುಕ್ಕಾಲು ಬಲ ಅಲ್ಲಿಗೇ ಮುಗಿಯುತ್ತದೆ.

ಅವನು ಎತ್ತ ಚಾಚುತ್ತಾನೆ ಅಂತ ರೈಡರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಠದಲ್ಲಿ ನನಗೆ ಹಿಡಿಸಿದ್ದು ಇದು. ಹೊಸದಾಗಿ ಕಲಿಯಬೇಕು ಅಂದುಕೊಂಡಿದ್ದರಲ್ಲಿ ಅರ್ಧ ಆಗಲೇ ಮೈಯಲ್ಲಿತ್ತು. ಬೋನಸ್ ಗೆರೆ ದಾಟುವ ನಾಟಕ ಮಾಡುವಾಗ ನಾನು ಯಾವ ಕಾಲಿನ ಮೇಲೆ ಭಾರ ಇಡುತ್ತೇನೆ, ಕೈ ಬೀಸಿ ಹೆದರಿಸುವಾಗ ಸೊಂಟ ಎತ್ತ ತಿರುಗಿರುತ್ತದೆ, ಉಸಿರು ಮುಗಿಯುತ್ತ ಬಂದಾಗ ಕಣ್ಣು ಎಷ್ಟು ಸಲ ಗೆರೆ ಕಡೆ ಹೋಗುತ್ತದೆ, ಇದೆಲ್ಲ ಎದುರು ಬಂದವನಲ್ಲೂ ಕಾಣತೊಡಗಿತು. “ಕೈ ನೋಡ್ಬೇಡ ತಮ್ಮಾ, ಕೈ ಸುಳ್ಳು ಹೇಳ್ತದೆ. ಹಿಂದಿನ ಕಾಲು ನೋಡು” ಅನ್ನುತ್ತಿದ್ದರು ಅಣ್ಣ. ಹೊನಲು ಬೆಳಕಿನಲ್ಲಿ ಇದು ಇನ್ನೂ ನಿಜ. ನಾಲ್ಕು ಕಂಬದ ದೀಪಕ್ಕೆ ಒಬ್ಬೊಬ್ಬನಿಗೆ ನಾಲ್ಕು ನೆರಳು. ಬೀಸುವ ಕೈಯ ನೆರಳೇ ಮೈಮೇಲೆ ಬಂದಂತಾಗಿ ಹುಡುಗರು ಸುಮ್ಮಸುಮ್ಮನೆ ಹಿಂದೆ ಹಾರುತ್ತಾರೆ. ನೆಲಕ್ಕೆ ಒತ್ತಿದ ಪಾದಕ್ಕೆ ಆ ಮಾಯ ಇಲ್ಲ.

ಮೈಗೆ ಒಗ್ಗದೇ ಇದ್ದದ್ದು ಕಾಯುವುದು. ರೈಡರ್‌ಗೆ ಅಭ್ಯಾಸವಾಗಿರುವುದು ತಾನೇ ಮುನ್ನುಗ್ಗುವುದು. ಮುಂಗಾಲಿನ ಮೇಲೆ ನಿಂತಿರುತ್ತಾನೆ, ಕೈ ಬಿಡುವಾಗಿರಬೇಕು ಅನ್ನಿಸುತ್ತಿರುತ್ತದೆ. ಇನ್‌ನಲ್ಲಿ ನಿಂತಾಗ ಒಂದು ಕೈ ಪಕ್ಕದವನ ಕೈಯಲ್ಲಿ, ಮೊಣಕಾಲು ಮಡಿಸಿ ಕೂತಂತೆ ನಿಲ್ಲಬೇಕು, ಎದುರಿನವನು ಒಂದು ಹೆಜ್ಜೆ ಬಂದರೆ ಒಂದು ಹೆಜ್ಜೆ ಹಿಂದೆ, ಅವನು ತಿರುಗಿದರೆ ಸರಪಳಿಯ ಜೊತೆ ತಿರುಗಬೇಕು. ಕಾರ್ನರ್ ಹಿಡಿಯುವ ಮೊದಲೇ ಕೈಬಿಟ್ಟು ಹಾರಿದರೆ ಎರಡು ಪಾಯಿಂಟ್ ಅವನ ಪಾಲು. ಅಣ್ಣ ಇದನ್ನು ತೋಟದ ಲೆಕ್ಕದಲ್ಲಿ ಹೇಳಿದರು. ಮರದ ಮೇಲಿಂದ ಹಗ್ಗದಲ್ಲಿ ಜಾರಿ ಬರುವ ಅಡಿಕೆ ಕೊನೆಯನ್ನು ಕೆಳಗಿನವನು ಮೇಲಕ್ಕೆ ಕೈಚಾಚಿ ಎಳೆದುಕೊಂಡರೆ ಅಡಿಕೆ ಉದುರಿ ನೆಲದ ಪಾಲು. ಕೊನೆ ತನ್ನ ವೇಗದಲ್ಲಿ ಬರಬೇಕು, ಹಿಡಿಯುವವನು ಅದರ ಜೊತೆಗೇ ಒಂದು ಹೆಜ್ಜೆ ಹಿಂದೆ ಹೋಗಿ ಭಾರ ತಗೊಳ್ಳಬೇಕು. ಕೊಯ್ಲಿನ ದಿನಗಳಲ್ಲಿ ನನ್ನನ್ನು ನಿಜವಾಗಿಯೂ ತೋಟಕ್ಕೆ ಕರೆದುಕೊಂಡು ಹೋಗಿ ಹಗ್ಗ ಹಿಡಿಸಿದ್ದರು. ಕೂಲಿಯನ್ನೇನೂ ಕೊಡಲಿಲ್ಲ, ಅದು ಬೇರೆ ವಿಷಯ.

ಹಿಡಿಯಬಲ್ಲ ರೈಡರ್ ಯಾಕೆ ಬೇಕು ಎಂಬುದಕ್ಕೆ ಆಟದ ನಿಯಮದಲ್ಲೇ ಉತ್ತರವಿದೆ. ಟೀಮಿನಲ್ಲಿ ಮೂರೋ ಎರಡೋ ಜನ ಉಳಿದಾಗ ಅಂಕಣದಲ್ಲಿ ಅಡಗಲು ಜಾಗವಿರುವುದಿಲ್ಲ. ಉಳಿದವರಲ್ಲಿ ಒಬ್ಬ ರೈಡರ್ ಇದ್ದೇ ಇರುತ್ತಾನೆ. ಅವನು ನೋಡುತ್ತ ನಿಂತರೆ ಹಿಡಿಯುವವರು ಒಬ್ಬರೋ ಇಬ್ಬರೋ ಅಷ್ಟೇ, ಮುಂದಿನ ರೈಡಿಗೆ ಇಡೀ ಟೀಮ್ ಔಟಾಗಿ ಲೋನಾ ಗ್ಯಾರಂಟಿ. ಅವನೂ ಕೈಜೋಡಿಸಿ ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್, ಜೊತೆಗೆ ಹೊರಗೆ ಕೂತ ಒಬ್ಬ ಒಳಗೆ ಬರುತ್ತಾನೆ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ನಮ್ಮೂರ ಪಂದ್ಯಗಳಿಗೂ ಡೂ ಆರ್ ಡೈ ಬಂತು. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಅಂಥ ರೈಡಿನಲ್ಲಿ 30 ಸೆಕೆಂಡಿನೊಳಗೆ ಎದುರಾಳಿ ಒಳಗೆ ಬಂದೇ ಬರುತ್ತಾನೆ. ಆಗಂತೂ ಎರಡನೇ ಹಿಡಿತದವನ ಕಾಲವೇ.

ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸನ್ನು 28–25ರಿಂದ ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತಲ್ಲ, ಆ ಟೀಮನ್ನು ನಾನು ಹುಡುಗರಿಗೆ ಫೋನಿನಲ್ಲಿ ಮತ್ತೆ ಮತ್ತೆ ತೋರಿಸುತ್ತೇನೆ. ನಾಯಕ ಅಸ್ಲಂ ಇನಾಂದಾರ್ ಮುಖ್ಯವಾಗಿ ರೈಡರ್. ಆದರೆ ಎದುರಾಳಿ ರೈಡ್ ಬಂದಾಗ ಅವನನ್ನು ಮಾತ್ರ ನೋಡಿ ಅನ್ನುತ್ತೇನೆ. ಯಾರೋ ಹಿಡಿದಿರುತ್ತಾರೆ, ಇವನು ಗೆರೆಯ ಬದಿಯಿಂದ ಬಂದು ಸೇರಿರುತ್ತಾನೆ. ಆ ಸೀಸನ್ನಿನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಅತಿ ಹೆಚ್ಚು ರೈಡ್ ಪಾಯಿಂಟ್ ತಂದವನಿಗಲ್ಲ, ಇವನಿಗೆ.

ಇದೇ ಮಾತನ್ನು ಬೇರೆ ಆಟದಲ್ಲೂ ಕಂಡೆ. ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ರಜೆಗೆ ಬಂದಾಗ ಅವರ ಕಡೆಯ ಫುಟ್‌ಬಾಲ್ ತೋರಿಸಿದ. ಹೆಸರು ಫುಟ್‌ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ, ಇರಲಿ. ಅದರಲ್ಲಿ ಚೆಂಡು ಅವಚಿಕೊಂಡು ಗುಂಪಿನೊಳಗೆ ನುಗ್ಗುವವನಿಗೆ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ. ನಮ್ಮ ರೈಡರ್‌ನ ಹಾಗೇ ಹೆಸರೂ ಫೋಟೋವೂ ಅವನದ್ದೇ. ಆದರೆ ಕಾಲೇಜಿನಲ್ಲಿ ಬರೀ ಓಡಿ ಹೆಸರು ಮಾಡಿದವನು ವೃತ್ತಿಪರ ಟೀಮಿಗೆ ಬಂದರೆ ಚೆಂಡು ಎಸೆಯುವ ಸರದಿಯಲ್ಲಿ ಅವನನ್ನು ಎಷ್ಟೋ ಸಲ ಹೊರಗೇ ಕೂರಿಸುತ್ತಾರಂತೆ. ಯಾಕೆಂದರೆ ಆಗ ಅವನ ಕೆಲಸ, ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುವವನನ್ನು ಅಡ್ಡ ನಿಂತು ತಡೆಯುವುದು, ಇಲ್ಲವೇ ಬದಿಗೆ ಜಾರಿ ಹೋಗಿ ಚೆಂಡು ಹಿಡಿಯುವುದು. ಎದುರಿನ ಸಾಲಿನಲ್ಲಿ ಯಾರು ಬರುತ್ತಾರೆ ಎಂದು ಚೆಂಡು ಕದಲುವ ಮೊದಲೇ ಓದಿಕೊಳ್ಳಬೇಕು. 1985ರಲ್ಲಿ ರೋಜರ್ ಕ್ರೇಗ್ ಎಂಬಾತ ಒಂದೇ ಸೀಸನ್ನಿನಲ್ಲಿ ಓಡಿ ಸಾವಿರ ಗಜ, ಚೆಂಡು ಹಿಡಿದು ಸಾವಿರ ಗಜ ದಾಟಿದ ಮೊದಲಿಗನಾದ. ಆಮೇಲೆ 1999ರಲ್ಲಿ ಮಾರ್ಷಲ್ ಫಾಕ್, 2019ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ. ವಿಡಿಯೋ ನೋಡುತ್ತ ನಾನು ಹುಡುಗನಿಗೆ ಹೇಳಿದೆ, “ಇವ ನಮ್ಮ ಎಡ ಇನ್ ಕಣೋ.” ಅವನಿಗೆ ಅರ್ಥವಾಗಲಿಲ್ಲ, ಕಬಡ್ಡಿ ಆಡಿದವನಲ್ಲ.

ರೈಡರ್ ಹಿಡಿಯಲೂ ಕಲಿಯಬೇಕು ಅನ್ನುವುದಕ್ಕೆ ಎದುರು ಮಾತೂ ಇದೆ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಪರದೀಪ್ ನರ್ವಾಲ್ 2017ರ ಪ್ರೊ ಕಬಡ್ಡಿಯ ಒಂದೇ ಸೀಸನ್ನಿನಲ್ಲಿ 369 ರೈಡ್ ಪಾಯಿಂಟ್ ತಂದಾಗ ಅವನು ಯಾಕೆ ಹಿಡಿಯುವುದಿಲ್ಲ ಅಂತ ಅವನ ಪಟ್ನಾ ಟೀಮಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಹಿಡಿಯಲು ಹೋದ ರೈಡರ್ ಸುಸ್ತಾಗುತ್ತಾನೆ, ಮುಂದಿನ ರೈಡಿನಲ್ಲಿ ಉಸಿರು ಸಾಲದು. ಭುಜ ಮೊಣಕಾಲು ಕೆಡಿಸಿಕೊಂಡರೆ ಟೀಮಿಗೆ ಎರಡೂ ನಷ್ಟ. ಮಣ್ಣಿನಂಕಣದಲ್ಲಿ ಜಾರಿ ಬಿದ್ದರೆ ಮೈ ಸ್ವಲ್ಪ ತರಚಿ ಹೋಗುತ್ತದೆ, ಅಷ್ಟೇ. ಮ್ಯಾಟಿನ ಮೇಲೆ ಶೂ ಕಚ್ಚಿಕೊಂಡು ಪಾದ ಅಲ್ಲೇ ನಿಂತು ಮೊಣಕಾಲು ಮಾತ್ರ ತಿರುಗುವುದುಂಟು. ಹಾಗಾಗಿ ಮುಖ್ಯ ರೈಡರ್‌ಗೆ ನಾನು ಹೇಳಿಕೊಡುವುದು ಬ್ಲಾಕ್ ಒಂದನ್ನೇ, ನೆಲಕ್ಕೆ ಬೀಳಬೇಕಾದ ಹಿಡಿತ ಯಾವುದನ್ನೂ ಅಲ್ಲ. ಎರಡನೇ, ಮೂರನೇ ರೈಡರ್‌ಗಳಿಗೆ ಮಾತ್ರ ಥೈ ಹೋಲ್ಡ್‌ವರೆಗೆ. ಟೀಮಿನಲ್ಲಿ ಜಾಗ ಉಳಿಸಿಕೊಳ್ಳಲು ಅವರಿಗೇ ಅದು ಹೆಚ್ಚು ಬೇಕು.

ಈಗ ಸಂಜೆ ಹೊತ್ತು ಹೈಸ್ಕೂಲ್ ಮೈದಾನದಲ್ಲಿ ಹೆಣ್ಣುಮಕ್ಕಳ ಟೀಮನ್ನೂ ಆಡಿಸುತ್ತೇನೆ. ಕಾರ್ಕಳ ಕಡೆಯ ಮಮತಾ ಪೂಜಾರಿ ಅರ್ಜುನ ಪ್ರಶಸ್ತಿ ತಂದ ಮೇಲೆ ನಮ್ಮ ಘಟ್ಟದ ಮೇಲೂ ತಂದೆತಾಯಂದಿರು ಸ್ವಲ್ಪ ಮೆತ್ತಗಾಗಿದ್ದಾರೆ. ದೊಡ್ಡ ಮಹಿಳಾ ಪಂದ್ಯಗಳ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದ್ದು 13ಕ್ಕೆ 10. ಅಗಲ ಕಡಿಮೆಯಾದ್ದರಿಂದ ಕಾರ್ನರ್‌ಗೂ ಇನ್‌ಗೂ ಅಂತರ ಕಡಿಮೆ, ಎರಡನೇ ಹಿಡಿತ ಬೇಗ ತಲುಪುತ್ತದೆ. ನಮ್ಮ ಅಭ್ಯಾಸದಲ್ಲಿ ಮೊದಲ ಅರ್ಧ ಗಂಟೆ ಯಾರಿಗೂ ರೈಡ್ ಇಲ್ಲ. ರೈಡರ್ ಹುಡುಗಿಯರೆಲ್ಲ ಇನ್‌ನಲ್ಲಿ ನಿಲ್ಲಬೇಕು. ನಾನೇ ರೈಡ್ ಬಂದು ಕಾರ್ನರ್‌ಗೆ ಕಾಲು ಕೊಡುತ್ತೇನೆ. ಹಿಡಿತ ಬಿದ್ದದ್ದು ಕಂಡ ಮೇಲೆ ಮಾತ್ರ ಕೈ ಬಿಡಿಸಿಕೊಂಡು ಬರಬೇಕು. ಮೊದಲು ನಡೆಯುತ್ತ, ಆಮೇಲೆ ಓಡುತ್ತ, ಕೊನೆಗೆ ನಾನು ಸುಳ್ಳು ಸುಳ್ಳೇ ಕಾಲು ತೋರಿಸಿ ಹಿಂದಕ್ಕೆಳೆದುಕೊಳ್ಳುತ್ತ. ಆ ಕೊನೆಯದರಲ್ಲಿ ಬೀಳದವಳು ಸದ್ಯಕ್ಕೆ ಒಬ್ಬಳೇ. ಟೀಮಿನ ಮುಖ್ಯ ರೈಡರ್ ಅವಳೇ. ತಾಲ್ಲೂಕು ಪಂದ್ಯಕ್ಕೆ ಅವಳನ್ನು ಬಲ ಇನ್‌ನಲ್ಲಿ ನಿಲ್ಲಿಸುವುದೆಂದು ತೀರ್ಮಾನಿಸಿಯಾಗಿದೆ. ಅವಳ ಅಮ್ಮನದು ಮಾತ್ರ ಒಂದೇ ದೂರು: “ಸರ್, ರೈಡ್ ಮಾತ್ರ ಆಡ್ತಿದ್ದಾಗ ಮೊಣಕಾಲಿನ ಪ್ಯಾಡ್ ವರ್ಷ ಬರ್ತಿತ್ತು. ಈಗ ಎರಡು ತಿಂಗಳಿಗೇ ಹರೀತದೆ.”